ಕೆಮಿಸ್ಟ್ರಿಯ ಪಕ್ಕದಲ್ಲಿ ಇತಿಹಾಸ

ಡಬ್ಲಿನ್ನಿನ ಕನ್ನಡ ಮನೆಗಳಲ್ಲಿ ಮಗುವಿಗೆ ಹದಿನೈದು ದಾಟಿತೆಂದರೆ ಒಂದು ಚರ್ಚೆ ತಪ್ಪಿದ್ದಲ್ಲ: ಟ್ರಾನ್ಸಿಷನ್ ಇಯರ್‌ಗೆ ಕಳಿಸಬೇಕೋ, ನೇರವಾಗಿ ಶಾಲೆಯ ಕೊನೆಯ ಪಬ್ಲಿಕ್ ಪರೀಕ್ಷೆಯಾದ ಲೀವಿಂಗ್ ಸರ್ಟ್‌ಗೆ ಹಾಕಬೇಕೋ? ನಡುವೆ ಸಿಗುವ ಈ ಒಂದು ವರ್ಷದಲ್ಲಿ ಪಬ್ಲಿಕ್ ಪರೀಕ್ಷೆಯಿಲ್ಲ. ಮಕ್ಕಳು ನಾಟಕವಾಡುತ್ತಾರೆ, ಅಡುಗೆ ಕಲಿಯುತ್ತಾರೆ, ಎಲ್ಲಾದರೂ ಕೆಲಸ ಮಾಡಿ ನೋಡುತ್ತಾರೆ. "ಒಂದು ವರ್ಷ ದಂಡ ಕಣ್ರೀ" ಎಂಬುದು ನಮ್ಮವರ ಮಾತು. 1974ರಲ್ಲಿ ಇದನ್ನು ತಂದ ಶಿಕ್ಷಣ ಸಚಿವ ರಿಚರ್ಡ್ ಬರ್ಕ್ ಅವರ ಯೋಚನೆ ಬೇರೆ. ಪರೀಕ್ಷೆಯಿಂದ ಪರೀಕ್ಷೆಗೆ ಓಡುವ ಮಕ್ಕಳು ಒಮ್ಮೆ ನಿಂತು ಸುತ್ತ ನೋಡಲಿ ಎಂಬುದು ಅವರ ಆಸೆಯಾಗಿತ್ತು.

ನಮ್ಮ ಮಗಳಿಗೆ ಡಾಕ್ಟರಾಗುವ ಹಂಬಲ. ಟ್ರಾನ್ಸಿಷನ್ ಇಯರ್‌ನಲ್ಲಿ ಹತ್ತಿರದ ವೃದ್ಧಾಶ್ರಮಕ್ಕೆ ಕೆಲಸಕ್ಕೆ ಹೋದಳು. ಟೀ ಗಾಡಿ ತಳ್ಳುವುದು ಅವಳ ಪಾಲಿನದು. ಯಾರಿಗೆ ಎಷ್ಟು ಸಕ್ಕರೆ, ಯಾರ ಕೈ ನಡುಗುವುದರಿಂದ ಅರ್ಧ ಕಪ್ಪು ಮಾತ್ರ ತುಂಬಬೇಕು ಎಂಬುದನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು. ಅಲ್ಲೊಬ್ಬ ಅಜ್ಜಿ ಹರೆಯದಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ನರ್ಸಿಂಗ್ ಕಲಿಯಲು ಹೋಗಿದ್ದವರು. ಅಂಥ ಅಜ್ಜಿಯನ್ನು ಈಗ ನೋಡಿಕೊಳ್ಳುತ್ತಿದ್ದ ನರ್ಸು ಮಂಗಳೂರಿನ ಕಡೆಯವರು. "ಅಮ್ಮ, 1950ರ ದಶಕದಲ್ಲಿ ಅಷ್ಟೊಂದು ಜನ ಯಾಕೆ ಈ ದೇಶ ಬಿಟ್ಟರು?" ಎಂದು ಮಗಳು ಊಟಕ್ಕೆ ಕೂತಾಗ ಕೇಳಿದಳು. ಲೀವಿಂಗ್ ಸರ್ಟ್‌ಗೆ ವಿಷಯ ಆರಿಸುವಾಗ ಕೆಮಿಸ್ಟ್ರಿ, ಬಯಾಲಜಿಗಳ ಪಕ್ಕದಲ್ಲಿ ಇತಿಹಾಸವನ್ನೂ ಬರೆದುಕೊಟ್ಟಳು.

ಊರಿನಿಂದ ಫೋನು ಬಂತು. "ಡಾಕ್ಟರಾಗೋಳಿಗೆ ಹಿಸ್ಟರಿ ಯಾಕೆ?" ಕೇಳಿದವರ ತಪ್ಪಿಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿದೊಡನೆ ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂದು ದಾರಿ ಕವಲೊಡೆಯುತ್ತದೆ. ಪಿಸಿಎಂಬಿ ಹಿಡಿದವರಿಗೆ ಎರಡು ಭಾಷೆಗಳು ಉಳಿದರೂ ಇತಿಹಾಸ ಅಲ್ಲಿಗೇ ಮುಗಿಯಿತು. ಇಲ್ಲಿ ಆ ಗೋಡೆಯಿಲ್ಲ. ಕಾಲೇಜು ಪ್ರವೇಶಕ್ಕೆ ಆರು ಉತ್ತಮ ವಿಷಯಗಳ ಅಂಕ ಲೆಕ್ಕಕ್ಕೆ ಬರುತ್ತದೆ. ಉನ್ನತ ಮಟ್ಟದಲ್ಲಿ ಅತ್ಯುತ್ತಮ ದರ್ಜೆ ಬಂದರೆ ಸಂಗೀತಕ್ಕೂ ನೂರು ಪಾಯಿಂಟ್, ಫಿಸಿಕ್ಸಿಗೂ ನೂರು. ಗಣಿತಕ್ಕೆ ಮಾತ್ರ 2012ರಿಂದ 25 ಪಾಯಿಂಟ್ ಹೆಚ್ಚುವರಿ.

ವೃತ್ತಿಗೆ ಬೇಕಾದದ್ದನ್ನಷ್ಟೇ ಕಲಿಯಬೇಕೇ ಎಂಬ ಈ ಜಗಳ ಡಬ್ಲಿನ್ನಿಗೆ ಹೊಸದಲ್ಲ. ಜ್ಞಾನವನ್ನು ಜ್ಞಾನಕ್ಕಾಗಿಯೇ ಅರಸಬೇಕೆಂದು 1852ರಲ್ಲಿ ಇದೇ ಊರಲ್ಲಿ ಉಪನ್ಯಾಸ ಕೊಟ್ಟ ಜಾನ್ ಹೆನ್ರಿ ನ್ಯೂಮನ್, ತಾವು ಕಟ್ಟಿದ ಕ್ಯಾಥೊಲಿಕ್ ವಿಶ್ವವಿದ್ಯಾಲಯಕ್ಕೆ 1855ರಲ್ಲಿ ಸಿಸಿಲಿಯಾ ಬೀದಿಯಲ್ಲೊಂದು ವೈದ್ಯಕೀಯ ಶಾಲೆಯನ್ನೂ ಸೇರಿಸಿದರು. ಅವರ ಸಂಸ್ಥೆಯಲ್ಲಿ ಗಟ್ಟಿಯಾಗಿ ಬೇರೂರಿದ್ದು ಆ ಶಾಲೆಯೇ. ಜ್ಞಾನದ ಹಂಬಲ, ವೃತ್ತಿಶಿಕ್ಷಣ ಎರಡೂ ಜೊತೆಗಿರಬಹುದೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

ಮಗಳ ವಿಷಯಕ್ಕೆ ಮರಳಿದರೆ, ಲೀವಿಂಗ್ ಸರ್ಟ್‌ನಲ್ಲಿ ಇತಿಹಾಸದ ಒಟ್ಟು ಅಂಕಗಳಲ್ಲಿ ಶೇ. 20 ವಿದ್ಯಾರ್ಥಿ ಸ್ವತಃ ಮಾಡುವ ಸಂಶೋಧನಾ ವರದಿಗೆ ಮೀಸಲು. ಮಗಳು ವಲಸೆ ಹೋದ ನರ್ಸುಗಳ ಬಗ್ಗೆ ಬರೆದಳು. ಒಂದೇ ಘಟನೆಯನ್ನು ಇಬ್ಬರು ಎರಡು ಬಗೆಯಾಗಿ ಹೇಳಿದಾಗ ಯಾರದು ಎಷ್ಟು ನಿಜ, ಹೇಳದೆ ಬಿಟ್ಟಿದ್ದೇನು ಎಂದು ಹುಡುಕುವುದನ್ನು ಕಲಿತಳು. ನಾಳೆ ಹೊಟ್ಟೆನೋವೆಂದು ಬಂದವರೆದುರು ಕೂತಾಗ ಕೆಮಿಸ್ಟ್ರಿಯಷ್ಟೇ ಇದೂ ಅವಳಿಗೆ ಬೇಕು.

ಇಲ್ಲಿರುವ ನಮ್ಮ ತಂದೆತಾಯಿಯರಲ್ಲಿ ನನ್ನದೊಂದು ಕೋರಿಕೆ. ವಿಷಯ ಆರಿಸುವ ಫಾರಂ ಮನೆಗೆ ಬಂದಾಗ ಪೆನ್ನು ಮಕ್ಕಳ ಕೈಯಲ್ಲೇ ಇರಲಿ. ಫಿಸಿಕ್ಸ್ ಜೊತೆಗೆ ಸಂಗೀತವನ್ನೋ ಇತಿಹಾಸವನ್ನೋ ಕೇಳಿದರೆ ಬೇಡವೆನ್ನಬೇಡಿ.