ಹಿಮದಡಿ ಆರು ದಿನ, ನಿಲ್ಲದ ಉಸಿರು

2016ರ ಫೆಬ್ರುವರಿ 3. ಬೆಳಕು ಹರಿದಿಲ್ಲ. ಸಿಯಾಚಿನ್ ನೀರ್ಗಲ್ಲಿನ ಸೋನಂ ಠಾಣೆ, 19,600 ಅಡಿ ಎತ್ತರ. ಡೇರೆಗಳಲ್ಲಿ 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಮಂದಿ. ತಲೆಯ ಮೇಲಿನ ಹಿಮದ ಗೋಡೆ ಬಿರಿಯಿತು. ಕೋಣೆಯಷ್ಟು ದೊಡ್ಡ ಮಂಜುಗಡ್ಡೆಗಳು ಉರುಳಿ ಬಂದವು. ಠಾಣೆಯೇ ಇಲ್ಲವಾಯಿತು.

ಹತ್ತರಲ್ಲಿ ಮೂವರು ನಮ್ಮವರು. ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಮರುದಿನ ದೆಹಲಿಯಿಂದ ಪ್ರಧಾನಿಯ ಸಂತಾಪವೂ ಬಂತು. ಯಾರೂ ಬದುಕಿರಲಾರರು ಎಂದು ದೇಶ ನಂಬಿತು.

ಅಗೆಯುವವರು ಮಾತ್ರ ನಿಲ್ಲಿಸಲಿಲ್ಲ. ನೂರೈವತ್ತಕ್ಕೂ ಹೆಚ್ಚು ಸೈನಿಕರು, ಬಂಡೆ ಕೊರೆಯುವ ಯಂತ್ರ, ವಿದ್ಯುತ್ ಗರಗಸ, ಆಳ ಶೋಧಿಸುವ ರೇಡಾರ್, ಡಾಟ್ ಮತ್ತು ಮಿಶಾ ಎಂಬ ನಾಯಿಗಳು. ರಾತ್ರಿಯ ಚಳಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ. ಸಮುದ್ರಮಟ್ಟದ ಅರ್ಧದಷ್ಟೇ ಆಮ್ಲಜನಕ. ಅಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು, ಇವರು ಕಲ್ಲಿನಂಥ ಹಿಮ ಕಡಿಯುತ್ತಿದ್ದರು. ಒಂದು ದಿನ, ಎರಡು, ಮೂರು, ನಾಲ್ಕು, ಐದು.

ಕೆಳಗೆ, ಇಪ್ಪತ್ತೈದು ಅಡಿ ಆಳದಲ್ಲಿ, ಕುಸಿದ ಡೇರೆಯೊಳಗೆ ಒಂದು ಜೀವ ಉಸಿರಾಡುತ್ತಿತ್ತು.

ಆ ಉಸಿರನ್ನು ನಡೆಸುತ್ತಿದ್ದುದು ಯಾವುದು? ಛಲ ಎನ್ನುತ್ತೇವೆ, ಸೈನಿಕನ ಎದೆಗಾರಿಕೆ ಎನ್ನುತ್ತೇವೆ. ಎರಡೂ ಇತ್ತು, ಅನುಮಾನವಿಲ್ಲ. ಆದರೆ ಛಲಕ್ಕೂ ನಿದ್ದೆ ಬರುತ್ತದೆ. ನಿದ್ದೆ ಬಾರದ ಕಾವಲುಗಾರ ಒಬ್ಬನಿದ್ದಾನೆ. ತಲೆಬುರುಡೆಯ ಬುಡದಲ್ಲಿ, ಮಿದುಳಿಗೂ ಬೆನ್ನುಹುರಿಗೂ ನಡುವೆ, ಏಳೆಂಟು ಸೆಂಟಿಮೀಟರ್ ಉದ್ದದ ಮಿದುಳುಕಾಂಡ. ಮೇಲೆ ನಡುಮಿದುಳು, ಅದರ ಕೆಳಗೆ ಪಾನ್ಸ್, ತುದಿಯಲ್ಲಿ ಮೆಡುಲ್ಲಾ. ತಲೆಯ ಹನ್ನೆರಡು ಜೊತೆ ನರಗಳಲ್ಲಿ ಹತ್ತು ಹೊರಡುವುದು ಇಲ್ಲಿಂದಲೇ. ಉಸಿರಿನ ಲಯ, ಹೃದಯದ ವೇಗ, ರಕ್ತದೊತ್ತಡ, ನುಂಗುವುದು, ಕೆಮ್ಮುವುದು ಎಲ್ಲ ಇದರ ಪಾಲು. ಎಚ್ಚರವನ್ನು ಹೊತ್ತಿಸಿಡುವ ನರಜಾಲವೂ ಇದರೊಳಗಿದೆ. ಪಾನ್ಸ್‌ನ ಮುಂಭಾಗಕ್ಕೆ ರಕ್ತ ನಿಂತರೆ ಮನುಷ್ಯ ಪೂರ್ತಿ ಎಚ್ಚರವಿದ್ದೂ ಬೆರಳೊಂದನ್ನೂ ಅಲುಗಿಸಲಾರ, ಕಣ್ಣನ್ನು ಮೇಲೆ ಕೆಳಗೆ ಆಡಿಸಬಲ್ಲ, ಅಷ್ಟೆ. ಮೆಡುಲ್ಲಾ ಹೋದರೆ ಉಸಿರೇ ಹೋಯಿತು.

ಎತ್ತರದ ಜಾಗ ಈ ಕಾವಲಿಗೇ ಕೈಹಾಕುತ್ತದೆ. ಮೆಡುಲ್ಲಾ ಮುಖ್ಯವಾಗಿ ಲೆಕ್ಕವಿಡುವುದು ರಕ್ತದ ಇಂಗಾಲದ ಡೈಆಕ್ಸೈಡನ್ನು. ಗಾಳಿ ತೆಳುವಾದಾಗ ಸೈನಿಕ ಬಿರುಸಾಗಿ ಉಸಿರಾಡುತ್ತಾನೆ, ಆ ಅನಿಲ ಹೊರಹೋಗುತ್ತದೆ, ನಿದ್ದೆಯಲ್ಲಿ ಉಸಿರು ಕೆಲ ಕ್ಷಣ ನಿಂತೇಬಿಡುತ್ತದೆ. ಆಮೇಲೆ ದಡಬಡಿಸಿ ಮರಳುತ್ತದೆ. ಎತ್ತರದ ಠಾಣೆಗಳಲ್ಲಿ ರಾತ್ರಿ ಪಕ್ಕದವನ ಉಸಿರು ಹೀಗೆ ನಿಂತು ನಿಂತು ಬರುವುದು ಮಾಮೂಲು. ಮುಚ್ಚಿದ ಹಿಮದೊಳಗಿನ ಕಷ್ಟ ತದ್ವಿರುದ್ಧ. ಬಿಟ್ಟ ಉಸಿರೇ ಸುತ್ತ ತುಂಬುತ್ತದೆ. ಮೊದಲು ಅದು ಮೆಡುಲ್ಲಾವನ್ನು ತಿವಿದು ಎಬ್ಬಿಸುತ್ತದೆ, ಮಿತಿ ಮೀರಿದರೆ ಮಂಪರಿಗೆ ತಳ್ಳುತ್ತದೆ.

ಚಳಿಗೆ ಎರಡು ಮುಖ. ಮೈ ತಣ್ಣಗಾದಂತೆ ನಡುಕವೇ ನಿಲ್ಲುತ್ತದೆ, ನಾಡಿ ನಿಧಾನವಾಗುತ್ತದೆ, ಉಸಿರು ವಿರಳವಾಗುತ್ತದೆ. ಅದೇ ಚಳಿ ಮಿದುಳಿನ ಹಸಿವನ್ನೂ ತಗ್ಗಿಸುತ್ತದೆ, ಒಂದೊಂದು ಡಿಗ್ರಿ ಇಳಿದಾಗಲೂ ಆಮ್ಲಜನಕದ ಬೇಡಿಕೆ ಸುಮಾರು ಶೇ 6ರಷ್ಟು ಕಡಿಮೆ. 1999ರಲ್ಲಿ ನಾರ್ವೆಯ ಹೆಪ್ಪುಗಟ್ಟಿದ ತೊರೆಗೆ ಬಿದ್ದ ವೈದ್ಯೆ ಅನ್ನಾ ಬೋಗೆನ್‌ಹೋಮ್ ಅವರ ಮೈಶಾಖ 13.7 ಡಿಗ್ರಿಗೆ ಇಳಿದಿತ್ತು. ಹೃದಯ ನಿಂತಿತ್ತು. ಅವರು ಬದುಕಿದರು, ಮತ್ತೆ ವೈದ್ಯರಾಗಿ ಕೆಲಸಕ್ಕೂ ಹೋದರು.

ಫೆಬ್ರುವರಿ 8ರ ಸಂಜೆ. ಕಡಿದ ಕಂದಕದ ತಳದಲ್ಲಿ ಡೇರೆಯ ಬಟ್ಟೆ. ಅದರೊಳಗೆ ಹನುಮಂತಪ್ಪ. ಜೀವಂತ! ಮಂಪರು, ದಿಕ್ಕು ತಿಳಿಯದ ಸ್ಥಿತಿ, ಆದರೂ ಪ್ರಜ್ಞೆ ಉಳಿದಿತ್ತು. ಆರನೆಯ ದಿನವೂ ಕಾವಲುಗಾರ ದೀಪ ಆರಿಸಿರಲಿಲ್ಲ. ಅಲ್ಲೇ ಬೆಚ್ಚಗಿನ ಡ್ರಿಪ್, ಬಿಸಿ ಮಾಡಿದ ತೇವದ ಆಮ್ಲಜನಕ, ಹೊದಿಕೆ. ಕತ್ತಲಲ್ಲಿ ಹೆಲಿಕಾಪ್ಟರ್ ಹಾರುವಂತಿಲ್ಲ. ಬೆಳಗಾಗುವವರೆಗೆ ಜೀವ ಹಿಡಿದಿಡಬೇಕು. ಬೆಳಗಾಯಿತು. ಹೆಲಿಕಾಪ್ಟರ್, ತೋಯಿಸ್ ವಾಯುನೆಲೆ, ಅಲ್ಲಿಂದ ವೈದ್ಯರ ಜೊತೆ ವಿಮಾನ, ದೆಹಲಿ.

ಧೌಲಾಕುವಾಂ ಬಳಿಯ ಸೇನೆಯ ರಿಸರ್ಚ್ ಅಂಡ್ ರೆಫರಲ್ ಆಸ್ಪತ್ರೆ. ಪ್ರಧಾನಿ ಬಂದರು, ಸೇನಾ ಮುಖ್ಯಸ್ಥರು ಬಂದರು. ಬೆಟದೂರಿನಲ್ಲಿ ಪೂಜೆ. ಟಿವಿಗಳಲ್ಲಿ ಪವಾಡದ ಜಪ. ಪವಾಡ ಎನ್ನುವವರು ಎನ್ನಲಿ, ಸಂತಾಪ ಸೂಚಿಸಿದ ಮೇಲೂ ಗುದ್ದಲಿ ಕೆಳಗಿಡದವರ ಕೈಗೇ ನಾನು ಮೊದಲ ನಮಸ್ಕಾರ ಹಾಕುತ್ತೇನೆ.

ಆಸ್ಪತ್ರೆಯ ಪ್ರಕಟಣೆ ಪವಾಡದ ಮಾತಾಡಲಿಲ್ಲ. ಆತ ಕೋಮಾದಲ್ಲಿದ್ದಾನೆ, ರಕ್ತದೊತ್ತಡ ಕುಸಿದಿದೆ, ನ್ಯುಮೋನಿಯಾ ಇದೆ, ಯಕೃತ್ತು ಮೂತ್ರಪಿಂಡ ಸೋತಿವೆ. ಆಶ್ಚರ್ಯವೆಂದರೆ ಹಿಮಕಡಿತವಿಲ್ಲ, ಮೂಳೆ ಮುರಿದಿಲ್ಲ. ಗಂಟಲು ಮತ್ತು ಶ್ವಾಸಕೋಶದ ರಕ್ಷಣೆಗೆ ವೆಂಟಿಲೇಟರ್. ಬೆಚ್ಚಗಾಗಿಸುವುದೂ ಅಪಾಯದ ಕೆಲಸವೇ. ತಣ್ಣಗೆ ನಿಂತಿದ್ದ ಕೈಕಾಲಿನ ರಕ್ತ ಮತ್ತೆ ಹರಿಯತೊಡಗಿದಾಗ ಅದರೊಡನೆ ಆಮ್ಲ, ಪೊಟ್ಯಾಸಿಯಂ ಎಲ್ಲ ಹೃದಯಕ್ಕೆ ನುಗ್ಗುತ್ತವೆ. ಇಂಥ ರೋಗಿಯ ಪಕ್ಕದಲ್ಲಿ ವೈದ್ಯರು ಮಿದುಳುಕಾಂಡದ ಬಾಗಿಲನ್ನು ಮತ್ತೆ ಮತ್ತೆ ತಟ್ಟುತ್ತಾರೆ: ಟಾರ್ಚಿನ ಬೆಳಕಿಗೆ ಪಾಪೆ ಕುಗ್ಗುತ್ತದೆಯೇ? ಕಣ್ಣಿಗೆ ಹತ್ತಿ ಸೋಕಿದರೆ ರೆಪ್ಪೆ ಮಿಟುಕುತ್ತದೆಯೇ? ಕೊಳವೆ ತಾಗಿದರೆ ಕೆಮ್ಮು ಬರುತ್ತದೆಯೇ?

10ರಂದು ಸಿಟಿ ಸ್ಕ್ಯಾನ್ ಕೆಟ್ಟ ಸುದ್ದಿ ಕೊಟ್ಟಿತು. ಮಿದುಳಿಗೆ ಆಮ್ಲಜನಕ ಸಾಲದೆ ಹೋದ ಗುರುತು. ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ. ಏಮ್ಸ್‌ನ ತಜ್ಞರೂ ಕೈಜೋಡಿಸಿದರು. ಡಯಾಲಿಸಿಸ್ ನಡೆಯಿತು. ಕೋಮಾ ಇನ್ನೂ ಆಳಕ್ಕಿಳಿಯಿತು, ಔಷಧಕ್ಕೆ ರಕ್ತದೊತ್ತಡ ಬಗ್ಗಲಿಲ್ಲ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಟ್ಟಿತು. 11ರ ಬೆಳಿಗ್ಗೆ 11.45ಕ್ಕೆ ಹನುಮಂತಪ್ಪ ತೀರಿಕೊಂಡರು. ವಯಸ್ಸು 33. ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಕಷ್ಟದ ಜಾಗಗಳಲ್ಲೇ ಕಳೆದಿತ್ತು. ಉಳಿದ ಒಂಬತ್ತು ಮಂದಿ ಹಿಮದಿಂದ ಹೊರಬಂದದ್ದು ಶವಗಳಾಗಿ.

ಲಡಾಖಿಗೋ ಕೇದಾರಕ್ಕೋ ಹೊರಡುವವರಿಗೆ ಒಂದು ಮಾತು. ಚಳಿಗೆ ಮರಗಟ್ಟಿದವರು ಕಂಡರೆ ನಾಡಿ ಸಿಗಲಿಲ್ಲವೆಂದು ತಕ್ಷಣ ಕೈಬಿಡಬೇಡಿ, ಇಡೀ ಒಂದು ನಿಮಿಷ ಉಸಿರು ನೋಡಿ. ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ. ಉಸಿರಿದ್ದರೆ ಮೈ ಉಜ್ಜಬೇಡಿ, ಮದ್ಯ ಕೊಡಬೇಡಿ, ಒದ್ದೆ ಬಟ್ಟೆ ತೆಗೆದು ಹೊದಿಸಿ, ಅಲುಗಾಡಿಸದೆ ಮಲಗಿಸಿದಂತೆಯೇ ಆಸ್ಪತ್ರೆಗೆ ಸಾಗಿಸಿ. ಮೈ ಬೆಚ್ಚಗಾಗುವ ಮುನ್ನ ಸತ್ತರೆಂದು ತೀರ್ಮಾನಿಸಲು ವೈದ್ಯರೂ ಹಿಂಜರಿಯುತ್ತಾರೆ.