ಬೆಟ್ಟ ಹತ್ತದೆ ನೋಡುವ ಕೋಟೆ: ಮಿರ್ಜಾನ್

ನಮ್ಮ ಚಿಕ್ಕಬಳ್ಳಾಪುರದ ಕಡೆ ಕೋಟೆ ಅಂದ್ರೆ ಬೆಟ್ಟ ಹತ್ತಲೇಬೇಕು. ನಂದಿದುರ್ಗ ಇರೋದು 1478 ಮೀಟರ್ ಎತ್ತರದಲ್ಲಿ. ಗುಡಿಬಂಡೆಯಲ್ಲೂ ಏದುಸಿರು ಬಿಡುತ್ತಲೇ ಮೇಲೇರಬೇಕು. ಉತ್ತರ ಕನ್ನಡದ ಮಿರ್ಜಾನ್ ಕೋಟೆಗೆ ಆ ಕಷ್ಟವಿಲ್ಲ. ಕುಮಟಾದಿಂದ ಸುಮಾರು 11 ಕಿ.ಮೀ. ಹೋಗಿ, ಹೆದ್ದಾರಿ ಬಿಟ್ಟು ಅರ್ಧ ಕಿ.ಮೀ. ಒಳಕ್ಕೆ ತಿರುಗಿದರೆ ಕೆಂಪು ಗೋಡೆ ಎದುರಾಗುತ್ತೆ.

ಇಷ್ಟು ತಗ್ಗಿನಲ್ಲಿ ಕೋಟೆ ಯಾಕೆ? ಕಾರಣ ಅಘನಾಶಿನಿ ನದಿ. ಘಟ್ಟದ ಕಾಳುಮೆಣಸು ಇಲ್ಲಿನ ಬಂದರಿನಿಂದ ಹಡಗು ಹತ್ತುತ್ತಿತ್ತು. ಬಂದರು ಯಾರ ಕೈಯಲ್ಲಿತ್ತೋ ದುಡ್ಡೂ ಅವರದ್ದೇ. 1552ರಿಂದ 1606ರವರೆಗೆ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು.

ಕೋಟೆ ಕಟ್ಟಿಸಿದ್ದು ಈ ರಾಣಿಯೇ ಎಂಬುದು ಜನಜನಿತ. ಬಿಜಾಪುರದ ಆದಿಲ್‌ಶಾಹಿಗಳ ಕಡೆಯ ಷರೀಫ್-ಉಲ್-ಮುಲ್ಕ್ 1608-1640ರ ನಡುವೆ ಕಟ್ಟಿಸಿದ ಎಂಬ ಇನ್ನೊಂದು ಮಾತೂ ಇದೆ. ಮುಂದೆ ಇದು ಕೆಳದಿ ಅರಸರ ಕೈಸೇರಿತು. 2000-01ರಲ್ಲಿ ಪುರಾತತ್ವ ಇಲಾಖೆ ಅಗೆದಾಗ ಫಿರಂಗಿ ಗುಂಡುಗಳ ಜೊತೆ ಚೀನಾದ ಪಿಂಗಾಣಿಯೂ ಸಿಕ್ಕಿತು. ಈ ಹಳ್ಳಿಯ ವ್ಯಾಪಾರ ಎಲ್ಲಿಯವರೆಗೆ ಚಾಚಿತ್ತು ನೋಡಿ!

ಒಳಗೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬಾವಿಗಳು. ಗುಡಿಬಂಡೆಯಲ್ಲಿ ಬಂಡೆಯ ಮೇಲಿನ ದೊಣೆಗಳಲ್ಲಿ ಮಳೆನೀರು ಹಿಡಿದಿಡುತ್ತಿದ್ದರು. ಒಂದು ತುಂಬಿದರೆ ಇನ್ನೊಂದಕ್ಕೆ ಹರಿಯುವಂತೆ. ಇಲ್ಲಿ ಬಾವಿಗಳಿಂದ ಕೋಟೆಯ ಸುತ್ತಲಿನ ಕಂದಕಕ್ಕೆ ಕಾಲುವೆ ಕೊಟ್ಟಿದ್ದಾರೆ. ಬಯಲುಸೀಮೆಯ ಕೋಟೆಗೆ ಎತ್ತರವೇ ಕಾವಲು, ಇಲ್ಲಿ ನೀರೇ ಕಾವಲು. ದೊಡ್ಡ ಬಾಗಿಲಲ್ಲದೆ ಇನ್ನೂ ಮೂರು ಬಾಗಿಲುಗಳಿವೆ. ಒಳಗಿನ ಕಟ್ಟಡಗಳು ಬಿದ್ದುಹೋಗಿ ತಳಪಾಯ ಮಾತ್ರ ಉಳಿದಿದೆ.

ಗೋಡೆಯೆಲ್ಲ ಚಿರೆಕಲ್ಲು. ನೆಲದಿಂದ ತೆಗೆಯುವಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತೆ. ಆದರೂ ನಮ್ಮ ನಂದಿಯ ಕಗ್ಗಲ್ಲಿನಂತಲ್ಲ. ಕರಾವಳಿಯ ಮಳೆ ಪ್ರತಿವರ್ಷ ಅದನ್ನು ಒಂಚೂರು ಸವೆಸುತ್ತೆ. ಅದರ ಮೇಲೆ ನಾವು ಕೀಲಿಕೈಯಲ್ಲಿ ಹೆಸರು ಕೆತ್ತಿ, ರೀಲ್ಸ್‌ಗಾಗಿ ಗೋಡೆಯಂಚು ಹತ್ತಿದರೆ ಉಳಿಯೋದೇನು?

ಹೋಗಬೇಕಂದ್ರೆ ಬೆಂಗಳೂರಿನಿಂದ ರಾತ್ರಿ ಹೊರಡುವ ಕಾರವಾರ ರೈಲು ಹತ್ತಿ ಕುಮಟಾದಲ್ಲಿ ಇಳಿಯಿರಿ. ಮಳೆಗಾಲದಲ್ಲಿ ಕೆಂಪು ಗೋಡೆಗೆಲ್ಲ ಹಸಿರು ಪಾಚಿ ಹೊದಿಸಿದಂತಿರುತ್ತೆ. ಚೆಂದವೇ, ಆದರೆ ಜಾರುತ್ತೆ. ಒಳ್ಳೆ ಹಿಡಿತದ ಶೂ ಇರಲಿ, ಮಕ್ಕಳಿದ್ದರೆ ಬಾವಿಗಳ ಹತ್ತಿರ ಕೈ ಬಿಡಬೇಡಿ. ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ‘ಹತ್ತು ನಿಮಿಷ’ ಅಂತ ಇಳಿಯೋರೇ ಜಾಸ್ತಿ. ಎರಡು ಗಂಟೆ ಇಟ್ಟುಕೊಳ್ಳಿ.