ಹಲಸೂರು ಗೇಟಿನಿಂದ ಟಿನ್ ಫ್ಯಾಕ್ಟರಿವರೆಗೆ

ಹಲಸೂರು ಗೇಟ್ ಪೊಲೀಸ್ ಠಾಣೆ ಹಲಸೂರಿನಲ್ಲಿಲ್ಲ. ಅದು ಇರುವುದು ಹಳೆಯ ಪೇಟೆಯ ಅಂಚಿನಲ್ಲಿ. ಪೇಟೆಯ ಕೋಟೆಗೋಡೆಯಲ್ಲಿ ಹಲಸೂರಿನ ದಾರಿಗೆ ತೆರೆದುಕೊಳ್ಳುತ್ತಿದ್ದ ಹೆಬ್ಬಾಗಿಲಿನ ಹೆಸರದು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಗೆ ನುಗ್ಗಿದ್ದು ಈ ಬಾಗಿಲಿನಿಂದಲೇ. ಬಾಗಿಲೂ ಹೋಯಿತು, ಗೋಡೆಯೂ ಹೋಯಿತು. ‘ಯಾರಪ್ಪ ನೀನು, ಎಲ್ಲಿಂದ ಬಂದೆ?’ ಎಂಬ ಪ್ರಶ್ನೆ ಮಾತ್ರ ಉಳಿದಿದೆ.

ಆ ದಾರಿ ಹಿಡಿದು ಪೂರ್ವಕ್ಕೆ ನಡೆದರೆ ಸಿಗುವುದೇ 1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದರೂ ದಂಡು ಮರಳಲಿಲ್ಲ. 1947ರವರೆಗೂ ಅದು ರೆಸಿಡೆಂಟರ ಆಡಳಿತದಲ್ಲೇ ಇತ್ತು. ಒಂದೇ ಊರು, ಎರಡು ಪೊಲೀಸು! ಬ್ರಿಟಿಷರ 1898ರ ಅಪರಾಧ ಪ್ರಕ್ರಿಯಾ ಸಂಹಿತೆಯ 109ನೆಯ ಸೆಕ್ಷನ್ ಪ್ರಕಾರ, ಜೀವನೋಪಾಯ ಕಾಣದವನು, ತನ್ನ ಬಗ್ಗೆ ತೃಪ್ತಿಕರ ವಿವರ ಕೊಡಲಾರದವನು ಸನ್ನಡತೆಯ ಮುಚ್ಚಳಿಕೆ ಬರೆದುಕೊಡಬೇಕಾಗಿ ಬರುತ್ತಿತ್ತು. 1973ರ ಸಂಹಿತೆ ಆ ಮಾತನ್ನು ಕೈಬಿಟ್ಟಿತು.

ಆದರೂ ರಾತ್ರಿಯ ದಾರಿ ಅಷ್ಟು ಸಲೀಸಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸಿ ಹೊರಟವನಿಗೆ, ಇಂದಿರಾನಗರದ ನೂರಡಿ ರಸ್ತೆಯ ಹೋಟೆಲಿನಲ್ಲಿ ತಟ್ಟೆ ತೊಳೆದು ಹೊರಟವನಿಗೆ ಬ್ಯಾರಿಕೇಡ್ ಕಂಡರೆ ಎದೆ ಝಲ್ಲೆನ್ನುತ್ತದೆ. ಜೇಬಿನಲ್ಲಿ ಕಾಗದವಿಲ್ಲ, ಆಧಾರ್ ಕಾರ್ಡು ಊರಿನ ಟ್ರಂಕಿನಲ್ಲಿ.

ಕಾನೂನು ಏನನ್ನುತ್ತದೆ? ನಡೆದು ಹೋಗುವ ನಾಗರಿಕ ಸದಾ ಗುರುತಿನ ಚೀಟಿ ಇಟ್ಟುಕೊಂಡಿರಬೇಕೆಂಬ ಸಾಮಾನ್ಯ ನಿಯಮ ನಮ್ಮಲ್ಲಿಲ್ಲ. ವಾಹನ ಓಡಿಸುವವನ ಮಾತು ಬೇರೆ. 1988ರ ಮೋಟಾರು ವಾಹನ ಕಾಯಿದೆಯ 130ನೆಯ ಸೆಕ್ಷನ್ ಪ್ರಕಾರ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ಮೊಬೈಲಿನ ಡಿಜಿಲಾಕರ್‌ನಲ್ಲಿದ್ದರೂ ಸಾಕು.

ಇನ್ನು ಹೆಸರಿನ ವಿಚಾರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 39ನೆಯ ಸೆಕ್ಷನ್ ನೋಡಿ. ವಾರಂಟ್ ಇಲ್ಲದೆ ಬಂಧಿಸಲಾಗದಂಥ ಸಣ್ಣ ಅಪರಾಧವೊಂದನ್ನು ಪೊಲೀಸರ ಎದುರೇ ಮಾಡಿದವನು ಅಥವಾ ಅಂಥ ಆರೋಪ ಹೊತ್ತವನು ಹೆಸರು, ವಿಳಾಸ ಹೇಳದಿದ್ದರೆ, ಸುಳ್ಳು ಹೇಳಿದನೆಂದು ನಂಬಲು ಕಾರಣವಿದ್ದರೆ, ಅದನ್ನು ತಿಳಿಯುವ ಸಲುವಾಗಿಯೇ ಬಂಧಿಸಬಹುದು. ನಿಜ ವಿಳಾಸ ತಿಳಿದ ಮೇಲೆ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕು. 24 ಗಂಟೆಯಲ್ಲಿ ತಿಳಿಯದಿದ್ದರೆ ಹತ್ತಿರದ ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕು. ಯಾವ ಆರೋಪವೂ ಇಲ್ಲದೆ ಸುಮ್ಮನೆ ನಡೆದು ಹೋಗುವವನಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಆದರೂ ಹೆಸರು ಹೇಳಿ, ಕಾಗದ ಇಲ್ಲವೆಂದು ವಿನಯದಿಂದ ತಿಳಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಕೆ.ಆರ್. ಪುರದ ತೂಗುಸೇತುವೆಯ ಬಳಿಯ ಟಿನ್ ಫ್ಯಾಕ್ಟರಿಗೆ ಬಂದರೆ ನಡುರಾತ್ರಿಯಲ್ಲೂ ಜನ. ದೂರದ ರೈಲಿಳಿದು ಚೀಲ ಹೊತ್ತು ನಿಂತವರು, ಭಾಷೆ ಬಾರದವರು. ಅವರು ನೆನಪಿಡಬೇಕಾದ ಮಾತೊಂದಿದೆ. ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದು, ಈಗ ಸಂಹಿತೆಯಲ್ಲೂ ಇರುವುದು: ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ಹೆಸರು ಕೇಳುವವನಿಗೂ ಒಂದು ಹೆಸರಿದೆ. ಅದನ್ನು ಓದಿಕೊಳ್ಳುವ ಹಕ್ಕು ಚೀಲ ಹೊತ್ತವನಿಗೂ ಇದೆ.